ಈ ವಾರದ ಸಮಸ್ಯೆ: ‘ಹೋದವನೆ ಮನೆಯಲ್ಲಿ ಉಳಿದಿರುವನಲ್ಲ’

ನೀಲಿ ಗ್ಯಾಲರಿ:

ಎಲ್ಲರಿಗೂ ನಮಸ್ಕಾರ. ಈ ವಾರ ಸಮಸ್ಯೆ ಕೊಡುವ ಸರದಿ ನನ್ನದು. ಸಮಸ್ಯೆ ಅಂದರೆ ಪದ್ಯದ ಕೊನೆಯ ಸಾಲು. ಉಳಿದ ಮೂರು ಸಾಲು ಬರೆದು ನೀವು ಪೂರೈಸಬೇಕು. ಸಾಲು ಇದು:

ಹೋದವನೆ ಮನೆಯಲ್ಲಿ ಉಳಿದಿರುವನಲ್ಲ

ಐದು ಮಾತ್ರೆಯ ಗಣಗಳ ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು; ಮಾತ್ರೆಗಳ ಗುಂಪೇ ಗಣ. ಒಂದನೇ ಮತ್ತು ಮೂರನೇ ಸಾಲಿಗೆ ನಾಲ್ಕು ಪೂರ್ತಿ ಗಣ. ಎರಡನೇ ಮತ್ತು ನಾಲ್ಕನೇ ಸಾಲಿಗೆ ಮೂರು ಗಣ, ಕೊನೆಗೆ ಮೂರು ಮಾತ್ರೆ. ಆದಿಪ್ರಾಸ, ಅಂದರೆ ಎಲ್ಲ ಸಾಲುಗಳ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ, ಬೇಕೇ ಬೇಕು. ಮೊದಲ ಅಕ್ಷರ ದೀರ್ಘ, ಎರಡನೆಯದು ದಕಾರ.

ವಸ್ತುವನ್ನೂ ನಾನೇ ಕೊಡುತ್ತೇನೆ. ಫುಟ್‌ಬಾಲ್ ತಂಡದ ಕೋಚ್ ಇದ್ದಕ್ಕಿದ್ದಂತೆ ಹೊರಟುಹೋದಾಗ ಅಭಿಮಾನಿಗಳಿಗೆ ಆಗುವ ಸಂಕಟ. ಯಾಕೆ ಈ ವಸ್ತು ಅಂತ ಹೇಳಿಬಿಡುತ್ತೇನೆ.

2021ರ ಜನವರಿ 6. ಹಿಂದಿನ ದಿನ ಗೋವಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮುಂಬೈ ಸಿಟಿ ಎದುರು 1-3ರಲ್ಲಿ ಸೋತಿತ್ತು. ಅದು ಸತತ ಮೂರನೇ ಸೋಲು. ಮರುದಿನ ಫೋನಿನಲ್ಲಿ ಸುದ್ದಿ ಬಂತು. ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಮತ್ತು ಕ್ಲಬ್ ಪರಸ್ಪರ ಒಪ್ಪಿ ಬೇರೆಯಾಗಿದ್ದಾರೆ ಅಂತ. 2016ರಲ್ಲಿ ಆಗಿನ ಕೋಚ್ ಆಲ್ಬರ್ಟ್ ರೋಕಾ ಅವರ ಸಹಾಯಕರಾಗಿ ಬಂದವರು ಅವರು. 2018ರಲ್ಲಿ ಮುಖ್ಯ ಕೋಚ್ ಆದರು. ಮೊದಲ ವರ್ಷವೇ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದುಕೊಟ್ಟರು.

ನನ್ನನ್ನು ಕಾಡಿದ್ದು ಅವರು ಹೋದದ್ದಲ್ಲ. ಕೋಚ್‌ಗಳು ಬರುತ್ತಾರೆ, ಹೋಗುತ್ತಾರೆ. ಆ ವರ್ಷ ಕೊರೊನಾದಿಂದಾಗಿ ಎಲ್ಲ ಪಂದ್ಯಗಳೂ ಗೋವಾದಲ್ಲೇ ಇದ್ದವು, ಪ್ರೇಕ್ಷಕರಿಗೆ ಬಾಗಿಲು ಮುಚ್ಚಿತ್ತು. ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಾವು ಅವರನ್ನು ಕೊನೆಯ ಸಲ ನಮ್ಮ ಕೋಚ್ ಆಗಿ ನೋಡಿದ್ದು 2020ರ ಮಾರ್ಚ್ 1ರಂದು. ಸೆಮಿಫೈನಲ್‌ನ ಮೊದಲ ಪಂದ್ಯ, ಕೋಲ್ಕತ್ತದ ಎಟಿಕೆ ತಂಡದ ಎದುರು 1-0 ಗೆಲುವು. ಆ ರಾತ್ರಿ ಮನೆಗೆ ಬಂದು ನೀಲಿ ಸ್ಕಾರ್ಫನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಮುಂದಿನ ಪಂದ್ಯಕ್ಕೆ ತೆಗೆದುಕೊಂಡರಾಯ್ತು ಅಂತ. ಅದೇ ವಿದಾಯದ ಪಂದ್ಯ ಅಂತ ಗೊತ್ತಿದ್ದರೆ ಇನ್ನೊಂದು ಹತ್ತು ನಿಮಿಷ ಅಲ್ಲೇ ನಿಂತಿರುತ್ತಿದ್ದೆ. ಸುದ್ದಿ ಬಂದ ದಿನ ಸ್ಕಾರ್ಫ್ ಅದೇ ಮೊಳೆಯಲ್ಲಿತ್ತು, ಮಡಿಕೆಯ ಮೇಲೆ ಹತ್ತು ತಿಂಗಳ ಧೂಳು.

ಕಳಿಸಿಕೊಡುವ ಅವಕಾಶ ಸಿಗದವರು ನಮ್ಮಲ್ಲೇ ಉಳಿದುಬಿಡುತ್ತಾರೆ. ಸಾಲು ಹುಟ್ಟಿದ್ದು ಅಲ್ಲಿಂದ. ಇನ್ನು ನೀವು ಪೂರೈಸಿ.

ಗಣಪಾಠಿ:

ಒಳ್ಳೆಯ ಸಾಲು ಕೊಟ್ಟಿದ್ದೀರಿ. ದಕಾರಕ್ಕೆ ಪ್ರಾಸದ ಬರ ಇಲ್ಲ. ಹಾದಿ, ಬೀದಿ, ಕಾದು, ಓದು, ಐದು, ಹೌದು ಎಲ್ಲ ಇವೆ. ಮುಖ್ಯವಾಗಿ ‘ಮೈದಾನ’ ಇದೆ. ಫುಟ್‌ಬಾಲಿಗೆ ಇನ್ನೇನು ಬೇಕು?

ಒಂದು ಮಾತು. ‘ಮನೆಯಲ್ಲಿ ಉಳಿದಿರುವ’ ಅಂತ ಸಂಧಿ ಮಾಡದೆ ಬಿಟ್ಟಿದ್ದೀರಿ. ಸಂಧಿ ಮಾಡಿದರೆ ‘ಮನೆಯಲ್ಲುಳಿದಿರುವ’ ಆಗಿ ಒಂದು ಮಾತ್ರೆ ಹೋಗುತ್ತದೆ. ಹೊಸಗನ್ನಡದ ಚೌಪದಿ, ಅದೂ ಗಣ ಮುಗಿಯುವ ಜಾಗ. ನಡೆಯುತ್ತದೆ. ಹಳಗನ್ನಡದ ಕಂದಪದ್ಯ ಆಗಿದ್ದರೆ ನಾನು ಬಿಡುತ್ತಿರಲಿಲ್ಲ.

ಸಾಲಿನಲ್ಲಿ ಇನ್ನೂ ಎರಡು ಬಾಗಿಲುಗಳಿವೆ. ಅವನ್ನು ನಾನು ತೆರೆಯುವುದಿಲ್ಲ. ಯಾರು ಕಂಡುಹಿಡಿಯುತ್ತಾರೋ ನೋಡೋಣ.

ಕೆಂಪಂಗಿ:

ಸರ್, ನಾನು ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ಕಡೆಯವನು. ಈ ಸಾಲು ಓದಿದ ಕೂಡಲೇ ನನಗೆ ನೆನಪಾದವರು ಅದರ ಹಳೆಯ ಮ್ಯಾನೇಜರ್ ಬಿಲ್ ಶ್ಯಾಂಕ್ಲಿ. ಪದ್ಯ ಮೊದಲು, ಕಥೆ ಆಮೇಲೆ.

ಬೀದಿಯಲಿ ನಿಂತವರು ಸುದ್ದಿಯನು ನಂಬಿಲ್ಲ
ಖೇದದಲಿ ಕೀಲಿಕೈ ಬದಲಾದರೇನು
ಮೈದಾನಕಿಳಿಯುವನು ಬೂಟು ಬಿಗಿದೆಂದಿನೊಲು
ಹೋದವನೆ ಮನೆಯಲ್ಲಿ ಉಳಿದಿರುವನಲ್ಲ!

ಶ್ಯಾಂಕ್ಲಿ 1959ರ ಡಿಸೆಂಬರ್‌ನಲ್ಲಿ ಬಂದಾಗ ಲಿವರ್‌ಪೂಲ್ ಎರಡನೇ ಡಿವಿಷನ್‌ನಲ್ಲಿತ್ತು. ಅಲ್ಲಿಂದ ಎತ್ತಿ 1964, 1966, 1973ರಲ್ಲಿ ಲೀಗ್ ಗೆಲ್ಲಿಸಿದರು. 1974ರ ಮೇ ತಿಂಗಳಲ್ಲಿ ನ್ಯೂಕ್ಯಾಸಲ್ ಅನ್ನು 3-0ರಲ್ಲಿ ಸೋಲಿಸಿ ಎಫ್‌ಎ ಕಪ್ ಗೆದ್ದರು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಜುಲೈ 12ರಂದು ಪತ್ರಕರ್ತರನ್ನು ಕರೆದು ನಾನು ಬಿಡುತ್ತಿದ್ದೇನೆ ಅಂದರು. ಟಿವಿಯವರು ಮೈಕ್ ಹಿಡಿದು ಬೀದಿಗಿಳಿದು ಜನರಿಗೆ ಸುದ್ದಿ ಹೇಳಿದರು. ಆ ಹಳೆಯ ತುಣುಕಿನಲ್ಲಿ ಒಬ್ಬ ಹುಡುಗ ನಂಬುವುದೇ ಇಲ್ಲ. ನೀವು ಸುಳ್ಳು ಹೇಳುತ್ತಿದ್ದೀರಿ ಅನ್ನುವ ಹಾಗೆ ಅವರ ಮುಖವನ್ನೇ ನೋಡುತ್ತಾನೆ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ಮೂರನೇ ಸಾಲು ಕಲ್ಪನೆ ಅಲ್ಲ. ರಾಜೀನಾಮೆ ಕೊಟ್ಟ ಮೇಲೂ ಶ್ಯಾಂಕ್ಲಿ ಮೆಲ್‌ವುಡ್‌ನ ತರಬೇತಿ ಮೈದಾನಕ್ಕೆ ಬರುತ್ತಿದ್ದರು. ಆಟಗಾರರು ಅವರನ್ನೇ ‘ಬಾಸ್’ ಅಂತ ಕರೆಯುತ್ತಿದ್ದರು. ಹೊಸ ಮ್ಯಾನೇಜರ್ ಬಾಬ್ ಪೈಸ್ಲಿ ಅವರ ಎದುರಿಗೇ. ಕೊನೆಗೆ ಇದು ಎಲ್ಲರಿಗೂ ಕಷ್ಟವಾಗಿ ಅವರು ಬರುವುದು ನಿಂತಿತು. ಒಬ್ಬ ಮನುಷ್ಯ ತಾನೇ ಕಟ್ಟಿದ ಮನೆಗೆ ಬರಲಾಗದೆ ಹೊರಗೆ ನಿಲ್ಲುವುದು ಅಂದರೆ... ಅದನ್ನು ಬರೆಯಲು ಇನ್ನೊಂದು ಪದ್ಯ ಬೇಕು. ನನ್ನ ಕೈಲಾಗಲಿಲ್ಲ.

ಗಣಪಾಠಿ:

ಕೆಂಪಂಗಿಯವರೇ, ‘ಬೂಟು ಬಿಗಿದೆಂದಿನೊಲು’ ಬಹಳ ಚೆನ್ನಾಗಿ ಕೂತಿದೆ. ಸಮಸ್ಯೆಯ ಸಾಲು ನಿಮ್ಮ ಪದ್ಯದಲ್ಲಿ ರೂಪಕವಾಗಿ ಉಳಿದಿಲ್ಲ, ನಡೆದ ಸಂಗತಿ ಆಗಿಬಿಟ್ಟಿದೆ. ಸಮಸ್ಯಾಪೂರಣದಲ್ಲಿ ಇದಕ್ಕಿಂತ ದೊಡ್ಡ ಗೆಲುವಿಲ್ಲ.

ಮಲ್ಲಿಗೆಮೊಗ್ಗು:

ಒಂದು ಬಾಗಿಲು ನನಗೆ ಸಿಕ್ಕಿತು ಅನಿಸುತ್ತದೆ ಸರ್. ‘ನಲ್ಲ’. ಇನ್ನೊಂದೂ ಅದರ ಜೊತೆಗೇ ಇತ್ತು. ‘ಹೋದವನೆ’ ಅಂದರೆ ಹೋದವನೇ ಅಂತ ಕೂಗಿ ಕರೆಯುವುದೂ ಆಗುತ್ತದೆ, ಅಲ್ವಾ?

ಮೈದಾನ ಬರಿದಿತ್ತು ಕೂಗು ಮೂಕಾಗಿತ್ತು
ಬೀದಿಯಲಿ ಬೀಳ್ಕೊಡುವ ಭಾಗ್ಯವಿರಲಿಲ್ಲ
ಓದಿ ಹೋಗುವ ಸುದ್ದಿ ಪರದೆಯನೆ ತಡವಿದೆವು
ಹೋದವನೆ, ಮನೆಯಲ್ಲಿ ಉಳಿದಿರುವ ನಲ್ಲ!

ನಾನು ಫುಟ್‌ಬಾಲ್ ಜಾಸ್ತಿ ನೋಡುವವಳಲ್ಲ. ಆದರೆ ಆ ವರ್ಷ ಎಷ್ಟು ಜನರನ್ನು ನಾವು ಹೀಗೆ ಫೋನಿನ ಪರದೆಯಲ್ಲೇ ಕಳಿಸಿಕೊಟ್ಟೆವು. ನೀಲಿ ಗ್ಯಾಲರಿ ಅವರ ಸ್ಕಾರ್ಫಿನ ಮಾತು ಓದಿದಾಗ ಎದೆಗೆ ಬಂದದ್ದು ಅದೇ.

ಗಣಪಾಠಿ:

ಎರಡೂ ಬಾಗಿಲು ಒಂದೇ ಕೀಲಿಯಲ್ಲಿ ತೆರೆದಿರಿ ಮೇಡಂ. ಒಂದೇ ಒಂದು ಅಕ್ಷರ ಬದಲಿಸದೆ, ಬರೀ ಒಂದು ಅಲ್ಪವಿರಾಮ ಮತ್ತು ಒಂದು ಬಿಡುವು. ಹೇಳಿಕೆಯಾಗಿದ್ದ ಸಾಲು ಕರೆಯಾಯಿತು. ‘ತಡವಿದೆವು’ ಅನ್ನುವ ಕ್ರಿಯಾಪದಕ್ಕೆ ನನ್ನ ನಮಸ್ಕಾರ.

ನೀಲಿ ಗ್ಯಾಲರಿ:

ಅಕ್ಕಾ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ಹೊಸಚಿಗುರು:

ಮೊದಲ ಸಲ ಬರೆಯುತ್ತಿದ್ದೇನೆ. ಕ್ವಾಡ್ರಾಟ್ ಸರ್ ಬಗ್ಗೆಯೇ. ತಪ್ಪಿದ್ದರೆ ತಿದ್ದಿ.

ಸಾಧನೆಯ ಕಪ್ಪೊಂದ ಮುಂಬಯಿಯಲೆತ್ತಿದನು
ಕಾದಿದ್ದ ನಮ್ಮೂರ ಕನಸಾಯ್ತು ನಿಜವು
ಹೌದು ಸೋತೆವು ಮೂರು, ಮರೆಯೋಣವೇ ನಾವು?
ಹೋದವನೆ ಮನೆಯಲ್ಲಿ ಉಳಿದಿರುವನಲ್ಲ!

2019ರ ಮಾರ್ಚ್ 17ರ ಫೈನಲ್ ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ನಾನು ಆಗ ಪಿಯುಸಿಯಲ್ಲಿದ್ದೆ. ಗೋವಾ ಎದುರು ತೊಂಬತ್ತು ನಿಮಿಷ ಗೋಲೇ ಇಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. 117ನೇ ನಿಮಿಷದಲ್ಲಿ ಕಾರ್ನರ್ ಬಂತು, ರಾಹುಲ್ ಭೇಕೆ ತಲೆ ಕೊಟ್ಟರು. ನಮ್ಮ ಮನೆಯ ಕೆಳಗಿನವರು ಏನಾಯಿತು ಅಂತ ಮೇಲೆ ಓಡಿಬಂದಿದ್ದರು.

ಗಣಪಾಠಿ:

ತಮ್ಮಾ, ಮೊದಲ ಸಲಕ್ಕೆ ಗಣ ಒಂದೂ ತಪ್ಪಿಲ್ಲ. ಎಣಿಸಿ ನೋಡಿದೆ. ‘ಹೌದು ಸೋತೆವು ಮೂರು’ ಸಾಲು ಚೌಪದಿಯ ಎದೆ. ಸೋಲನ್ನು ಮುಚ್ಚಿಡದೆ ಒಪ್ಪಿಕೊಂಡು ಪ್ರೀತಿಸುವುದಿದೆಯಲ್ಲ, ಅದು ಅಭಿಮಾನಿಯ ಭಾಷೆ. ‘ಸೋತನು’ ಅನ್ನದೆ ‘ಸೋತೆವು’ ಅಂದಿದ್ದೀಯ. ಅದನ್ನು ಗಮನಿಸಿದೆ.

ತಪ್ಪಿರುವುದು ಒಂದೇ ಕಡೆ. ‘ಸಾಧನೆ’ಯಲ್ಲಿ ಇರುವುದು ಮಹಾಪ್ರಾಣ ಧಕಾರ. ಉಳಿದ ಮೂರೂ ಸಾಲಲ್ಲಿ ದಕಾರ. ಕಿವಿಗೆ ಹತ್ತಿರ ಕೇಳಿಸಿದರೂ ಪ್ರಾಸಕ್ಕೆ ಒಪ್ಪುವುದಿಲ್ಲ. ಬದಲಿ ಪದ ನೀನೇ ಹುಡುಕು. ನಾನು ಕೊಟ್ಟರೆ ಪದ್ಯ ನಿನ್ನದಾಗುವುದಿಲ್ಲ.

ಹೊಸಚಿಗುರು:

ಸರ್, ರಾತ್ರಿಯೆಲ್ಲಾ ಅದೇ ಗುಂಗು. ಬೆಳಿಗ್ಗೆ ಬಸ್ಸಿನಲ್ಲಿ ಹೊಳೆಯಿತು. ಐಎಸ್‌ಎಲ್ ಶುರುವಾದದ್ದು 2014ರಲ್ಲಿ. ನಾವು ಗೆದ್ದದ್ದು ಐದನೇ ಸೀಸನ್.

ಐದನೆಯ ಲೀಗಿನಲಿ ಕಪ್ಪೊಂದನೆತ್ತಿದನು
ಕಾದಿದ್ದ ನಮ್ಮೂರ ಕನಸಾಯ್ತು ನಿಜವು
ಹೌದು ಸೋತೆವು ಮೂರು, ಮರೆಯೋಣವೇ ನಾವು?
ಹೋದವನೆ ಮನೆಯಲ್ಲಿ ಉಳಿದಿರುವನಲ್ಲ!

ಗಣಪಾಠಿ:

ಶಹಬ್ಬಾಸ್. ಪ್ರಾಸ ಹುಡುಕಲು ಹೋಗಿ ನಿಜವಾದ ಸಂಗತಿ ಸಿಕ್ಕಿತು. ‘ಸಾಧನೆ’ ಯಾವ ಕಪ್ಪಿಗೂ ಹೊಂದುತ್ತಿತ್ತು. ‘ಐದನೆಯ’ ಈ ಒಂದಕ್ಕೇ.

ನೀಲಿ ಗ್ಯಾಲರಿ:

ಇನ್ನೊಂದು ಸೇರಿಸುತ್ತೇನೆ. ಆ ಸಲ ನಾವು ಲೀಗ್ ಹಂತದಲ್ಲೂ ಮೊದಲ ಸ್ಥಾನದಲ್ಲಿದ್ದೆವು. ಪಟ್ಟಿಯ ತುದಿಯಲ್ಲಿದ್ದ ತಂಡವೇ ಕೊನೆಗೆ ಕಪ್ ಎತ್ತಿದ್ದು ಐಎಸ್‌ಎಲ್‌ನಲ್ಲಿ ಅದೇ ಮೊದಲು.

ಕೆಂಪಂಗಿ:

ಶ್ಯಾಂಕ್ಲಿ ಬಗ್ಗೆ ಬರೆದ ಮೇಲೆ ಕೆನ್ನಿ ಡಾಲ್ಗ್ಲಿಷ್ ಅವರನ್ನು ಬಿಡಲು ಮನಸ್ಸಾಗಲಿಲ್ಲ. 1989ರಲ್ಲಿ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನ ದುರಂತದಲ್ಲಿ ಲಿವರ್‌ಪೂಲ್‌ನ 97 ಅಭಿಮಾನಿಗಳು ಜೀವ ಕಳೆದುಕೊಂಡರು. ಮ್ಯಾನೇಜರ್ ಆಗಿದ್ದ ಡಾಲ್ಗ್ಲಿಷ್ ಅಂತ್ಯಸಂಸ್ಕಾರಗಳಿಗೆ ಹೋದರು. ಒಂದೇ ದಿನ ನಾಲ್ಕಕ್ಕೆ ಹೋದದ್ದೂ ಇದೆ. ಆ ಭಾರ ಒಳಗೇ ಉಳಿಯಿತು. 1991ರ ಫೆಬ್ರವರಿಯಲ್ಲಿ ಎವರ್ಟನ್ ಜೊತೆ 4-4 ಡ್ರಾ ಆಯಿತು. ಎರಡು ದಿನಕ್ಕೆ ಅವರು ರಾಜೀನಾಮೆ ಕೊಟ್ಟರು. ತಂಡ ಆಗ ಲೀಗ್ ಪಟ್ಟಿಯ ತುದಿಯಲ್ಲಿತ್ತು! ಜನಕ್ಕೆ ಅರ್ಥವೇ ಆಗಲಿಲ್ಲ. ಅರ್ಥವಾಗಲು ವರ್ಷಗಳೇ ಬೇಕಾದವು.

ವೇದನೆಯ ಹೊರೆ ಹೊತ್ತು ಕುಸಿದವನು ಮರಳಿದನು
ಆದರದಿ ಪಡಸಾಲೆಗವನ ಹೆಸರಿತ್ತು
ಗಾದಿ ಬಿಟ್ಟರು ಜನರ ಎದೆಯನವ ಬಿಡಲಿಲ್ಲ
ಹೋದವನೆ ಮನೆಯಲ್ಲಿ ಉಳಿದಿರುವನಲ್ಲ!

2011ರ ಜನವರಿಯಲ್ಲಿ ಅವರು ಮತ್ತೆ ಮ್ಯಾನೇಜರ್ ಆಗಿ ಬಂದರು. 2017ರಲ್ಲಿ ಲಿವರ್‌ಪೂಲ್‌ನ ಕ್ರೀಡಾಂಗಣ ಆನ್‌ಫೀಲ್ಡ್‌ನ ಒಂದು ಸ್ಟ್ಯಾಂಡ್‌ಗೆ ಅವರ ಹೆಸರಿಟ್ಟರು. ಪಡಸಾಲೆ ಅಂದದ್ದು ಅದಕ್ಕೇ.

ಮಲ್ಲಿಗೆಮೊಗ್ಗು:

‘ಹೆಸರಿತ್ತು’ ಅನ್ನುವುದನ್ನು ಹೆಸರು ಇತ್ತು ಅಂತಲೂ ಓದಬಹುದು, ಹೆಸರನ್ನು ಕೊಟ್ಟು ಅಂತಲೂ ಓದಬಹುದು. ಎರಡೂ ಸರಿಹೋಗುತ್ತದೆ. ‘ಆದರದಿ’ ಎರಡನೇ ಅರ್ಥಕ್ಕೆ ಜಾಸ್ತಿ ಒಪ್ಪುತ್ತದೆ.

ಲಿವರ್‌ಪೂಲ್ ಮ್ಯಾನೇಜರ್ ಆಗಿದ್ದ ಯೂರ್ಗನ್ ಕ್ಲಾಪ್ ಬಗ್ಗೆ ಯಾಕೆ ಬರೆಯಲಿಲ್ಲ ಕೆಂಪಂಗಿಯವರೇ? ನಮ್ಮ ಮನೆಯಲ್ಲಿ ಮಗ 2024ರ ಜನವರಿ 26ರಂದು ರಾತ್ರಿ ಊಟ ಬಿಟ್ಟಿದ್ದ. ಆಗ ಕೇಳಿದ ಹೆಸರು.

ಕೆಂಪಂಗಿ:

ಬರೆದಿದ್ದೇನೆ ಮೇಡಂ. ನಿಮ್ಮ ಮಗನಿಗೆ ಅರ್ಪಣೆ.

ಕಾದಾಡಿ ಬಲಗುಂದಿ ದಣಿದೆನೆಂದೊಪ್ಪಿದನು
ಹಾದಿ ಮುಗಿಯಲು ನಾಲ್ಕು ತಿಂಗಳಿರಲಾಗ
ಮೋದದಲಿ ಬರುವವನ ಹೆಸರ ತಾನೇ ಹಾಡಿ
ಹೋದವನೆ ಮನೆಯಲ್ಲಿ ಉಳಿದಿರುವನಲ್ಲ!

ಕ್ಲಾಪ್ ಆ ದಿನ, ನನ್ನಲ್ಲಿ ಶಕ್ತಿ ಮುಗಿಯುತ್ತಿದೆ, ಸೀಸನ್ ಮುಗಿದ ಮೇಲೆ ಬಿಡುತ್ತೇನೆ ಅಂತ ನೇರವಾಗಿ ಹೇಳಿದರು. ಆದರೆ ನಮಗೆ ಮೇ 19ರ ತನಕ ಸಮಯ ಸಿಕ್ಕಿತು. ವೂಲ್ವ್ಸ್ ಎದುರಿನ ಕೊನೆಯ ಪಂದ್ಯದ ನಂತರ ಅವರೇ ಮೈಕ್ ಹಿಡಿದು, ಮುಂದೆ ಬರಲಿದ್ದ ಆರ್ನೆ ಸ್ಲಾಟ್ ಹೆಸರನ್ನು ಇಡೀ ಆನ್‌ಫೀಲ್ಡ್‌ನಿಂದ ಹಾಡಿಸಿದರು. ನೀಲಿ ಗ್ಯಾಲರಿಯವರೇ, ನಮಗೆ ಸಿಕ್ಕ ಆ ನಾಲ್ಕು ತಿಂಗಳು ನಿಮಗೆ ಸಿಗಲಿಲ್ಲ. ಪದ್ಯ ಬರೆಯುವಾಗ ಅದೇ ಮನಸ್ಸಿನಲ್ಲಿತ್ತು.

ಗಣಪಾಠಿ:

‘ಹಾಡಿ ಹೋದವನೆ’ ಅಂತ ಮೂರನೇ ಸಾಲು ನಾಲ್ಕನೆಯದಕ್ಕೆ ತಾನಾಗಿ ಹರಿಯುತ್ತದೆ. ಕೊಟ್ಟ ಸಾಲಿಗೆ ಹೊಲಿಗೆಯ ಗುರುತೇ ಕಾಣುವುದಿಲ್ಲ. ಹೊಸಚಿಗುರು ಇದನ್ನು ಗಮನಿಸಬೇಕು.

ಈಗ ಸಮಸ್ಯೆ ಕೊಟ್ಟವರ ಪರಿಹಾರ ಬರಲಿ. ನಿಮ್ಮದು ಇಟ್ಟುಕೊಂಡೇ ಕೊಟ್ಟಿರುತ್ತೀರಿ.

ನೀಲಿ ಗ್ಯಾಲರಿ:

ಇಟ್ಟುಕೊಂಡಿದ್ದೆ ಸರ್. ಅದನ್ನು ಬಿಟ್ಟು ನಿನ್ನೆ ಹೊಸದು ಬರೆದೆ. ಅಕ್ಕ ತೆರೆದ ಬಾಗಿಲಿನಿಂದಲೇ ಒಳಗೆ ಹೋಗಿದ್ದೇನೆ.

ಕ್ವಾಡ್ರಾಟ್ ಆಮೇಲೆ ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಕೋಚ್ ಆದರು. 2024ರ ಜನವರಿಯಲ್ಲಿ ಅವರಿಗೆ ಸೂಪರ್ ಕಪ್ ಗೆದ್ದುಕೊಟ್ಟರು. ಅದೇ ವರ್ಷ ಸೆಪ್ಟೆಂಬರ್ 14ರಂದು ಆ ತಂಡದೊಂದಿಗೆ ಕಂಠೀರವಕ್ಕೆ ಬಂದರು. ನಾನು ಗ್ಯಾಲರಿಯಲ್ಲಿದ್ದೆ. ಕಂಠೀರವ ಅಥ್ಲೆಟಿಕ್ಸ್ ಕ್ರೀಡಾಂಗಣ. ನಮಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಅಷ್ಟು ದೂರದಿಂದಲೇ ನೋಡಿದೆ. ಅವರು ನಮ್ಮ ಎದುರಾಳಿ. ಪಂದ್ಯ ನಾವೇ 1-0ರಲ್ಲಿ ಗೆದ್ದೆವು. ಆ ಗೋಲಿಗೆ ನಾನೂ ಎದ್ದು ಕೂಗಿದೆ. ಆಮೇಲೆ ಕೂತು ಅವರ ಕಡೆಗೇ ನೋಡುತ್ತಿದ್ದೆ. ಈಸ್ಟ್ ಬೆಂಗಾಲ್ ಇನ್ನೂ ಎರಡು ಪಂದ್ಯ ಸೋತಿತು. ಮತ್ತೆ ಅದೇ ಮೂರು ಸೋಲು. ಸೆಪ್ಟೆಂಬರ್ 30ಕ್ಕೆ ಅಲ್ಲಿಂದಲೂ ಹೊರಟರು.

ಆ ದಿನ ಪಂದ್ಯ ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದೆ. 2020ರ ಮಾರ್ಚ್‌ನಲ್ಲಿ ಹೊಡೆಯಬೇಕಾಗಿದ್ದ ಚಪ್ಪಾಳೆ. ಕುತ್ತಿಗೆಯಲ್ಲಿ ಅದೇ ಸ್ಕಾರ್ಫ್ ಇತ್ತು.

ಹಾದಿಯೊಂದಡ್ಡವಿದೆ, ಅದರಾಚೆ ನಿಂತವನು
ಬೀದಿ ಬದಲಿಸಿ ಬಂದ ಎದುರಾಳಿ ಗುರುವು
ಮೈದಡವುವಾಸೆಯನು ಚಪ್ಪಾಳೆಗಿಳಿಸಿದೆನು
ಹೋದವನೆ, ಮನೆಯಲ್ಲಿ ಉಳಿದಿರುವ ನಲ್ಲ!