ಸಿವಿಲ್ ರೈಟ್ಸ್‌ಗೆ ನಾಗರಿಕ ಹಕ್ಕೋ ಪೌರ ಹಕ್ಕೋ? (ಫ್ಲೆಕ್ಸ್ ಮ್ಯಾಟರ್ ನಾಳೆ ಕೊಡ್ಬೇಕು)

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ರ ಒಂದು ಹೈಸ್ಕೂಲಲ್ಲಿ ಸಮಾಜ ಪಾಠ ಮಾಡ್ತೀನಿ. ನವೆಂಬರ್ 26ಕ್ಕೆ ಸಂವಿಧಾನ ದಿನ ಅಂತ ಮಕ್ಕಳ ಕೈಲಿ ಮೂರು ಫ್ಲೆಕ್ಸ್ ಮಾಡಿಸ್ತಿದೀವಿ, ಒಂದು ನಮ್ಮ ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ, ಇನ್ನೊಂದು ಅಮೆರಿಕದ ಕಪ್ಪು ಜನರ ಹೋರಾಟ, ಮಾಂಟ್ಗೊಮರಿಯಲ್ಲಿ 381 ದಿನ ಬಸ್ ಹತ್ತದೆ ನಡೆದಿದ್ದರಿಂದ ಹಿಡಿದು 1964ರ ಸಿವಿಲ್ ರೈಟ್ಸ್ ಕಾಯ್ದೆವರೆಗೆ, ಮೂರನೇದು ನಮ್ಮ ಸಂವಿಧಾನದ 14ನೇ ವಿಧಿ. ಸಿಕ್ಕಾಕ್ಕೊಂಡಿರೋದು ಎರಡನೇದರ ತಲೆಬರಹಕ್ಕೆ. ಪೇಪರಲ್ಲಿ ನಾಗರಿಕ ಹಕ್ಕು ಚಳವಳಿ ಅಂತ ಬರತ್ತೆ, ಪೌರ ಹಕ್ಕು ಅಂತಲೂ ಎಲ್ಲೋ ಓದಿದ ನೆನಪು. ಯಾವ್ದು ಹಾಕ್ಲಿ? ಮತ್ತೆ ಸೆಗ್ರಿಗೇಷನ್‌ಗೆ (ಅಲ್ಲಿ ಬಣ್ಣ ನೋಡಿ ಜನರನ್ನ ದೂರ ಮಾಡ್ತಿದ್ರಲ್ಲ, ಅದಕ್ಕೆ) ಎಂತ ಪದ? ಪ್ರತ್ಯೇಕತೆ ಅಂದ್ರೆ ಮಕ್ಕಳು ಬೇರೆ ರಾಜ್ಯ ಕೇಳೋರು ಅಂದ್ಕೋತಾರೆ, ವರ್ಣಭೇದ ಅಂದ್ರೆ ಸೀದಾ ದಕ್ಷಿಣ ಆಫ್ರಿಕಾಕ್ಕೆ ಹೋಗ್ತಾರೆ. ಅಂಗಡಿಯವ್ರು ನಾಳೆ ಮಧ್ಯಾಹ್ನದೊಳಗೆ ಮ್ಯಾಟರ್ ಕೊಡಿ ಅಂದಿದಾರೆ, ದಯವಿಟ್ಟು ಬೇಗ.

ಶಿವಮೊಗ್ಗದಿಂದ:
ನಾಗರಿಕ ಹಕ್ಕು. ಇದ್ರಲ್ಲಿ ಚರ್ಚೆ ಮಾಡೋಕೆ ಏನಿದೆ? ಪೌರ ಅನ್ನೋದು ಈಗ ಪೌರತ್ವ, ಪೌರಾಯುಕ್ತ, ಪೌರಕಾರ್ಮಿಕ, ಇಷ್ಟರಲ್ಲೇ ಉಳ್ಕೊಂಡಿರೋದು. ಫ್ಲೆಕ್ಸ್ ಮೇಲೆ ಪೌರ ಹಕ್ಕು ಅಂತ ಬರೆದ್ರೆ ಕಂದಾಯ ಕಟ್ಟಿ ಅಂತ ಪುರಸಭೆ ನೋಟೀಸು ಅಂದ್ಕೊಂಡು ಜನ ದಾಟ್ಕೊಂಡು ಹೋಗ್ತಾರೆ.

ಹೊಸನಗರದಿಂದ:
ಅಷ್ಟು ಸಲೀಸಾ ಮಾರಾಯ್ರೆ? ಪುರದವನು ಪೌರ ಆದ್ರೆ ನಗರದವನು ನಾಗರಿಕ, ಎರಡೂ ಒಂದೇ ಗಾಡಿಗೆ ಕಟ್ಟಿದ ಎತ್ತು. ಪಾಪ ಕಾಡಂಚಲ್ಲಿರೋನು ಎರಡರಲ್ಲೂ ಇಲ್ಲ. ಅದಕ್ಕಿಂತ ಕೆಟ್ಟದ್ದು ಅಂದ್ರೆ ನಾಗರಿಕ ಅನ್ನೋದಕ್ಕೆ ಸುಧಾರಿಸಿದವನು ಅಂತಲೂ ಅರ್ಥ ಅಂಟ್ಕೊಂಡಿದೆ, ಅದಿಲ್ಲದೋನು ಅನಾಗರಿಕ, ಹಕ್ಕು ಕೇಳೋಕೆ ಬಂದೋರನ್ನ ಹಿಂದಿನ ದಣಿಗಳು ಬೈತಿದ್ದಿದ್ದೇ ಹಾಗಲ್ವಾ. ನಮ್ಮ ತಾಲೂಕಲ್ಲಂತೂ ನಗರ ಅಂದ್ರೆ ಬಿದನೂರು, 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್‌ನಗರ ಆಯ್ತು, ಆಮೇಲೆ ಬರೀ ನಗರ, ಈಗ ಪಾಳುಬಿದ್ದ ಕೋಟೆ ಇರೋ ಒಂದು ಹಳ್ಳಿ. ಆ ಲೆಕ್ಕದಲ್ಲಿ ಅಪ್ಪಟ ನಾಗರಿಕರು ನಾವೇ!

ಸಾಗರದಿಂದ (ಕೋರ್ಟಲ್ಲಿ ಕಪ್ಪು ಕೋಟು ಹಾಕೋನು):
ಮೇಷ್ಟ್ರೇ, ವ್ಯುತ್ಪತ್ತಿ ಪಕ್ಕಕ್ಕಿಡಿ. ನಮ್ಮ ಕಾನೂನಲ್ಲಿ ನಾಗರಿಕ ಹಕ್ಕು ಅನ್ನೋದು ಖಾಲಿ ಕೂತಿರೋ ಪದ ಅಲ್ಲ. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂತಲ್ಲ, ಅದನ್ನ 1976ರಲ್ಲಿ ತಿದ್ದಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾಯಿಸಿದ್ರು, ಅಲ್ಲಿ ನಾಗರಿಕ ಹಕ್ಕು ಅಂದ್ರೆ 17ನೇ ವಿಧಿಯಲ್ಲಿ ಅಸ್ಪೃಶ್ಯತೆ ತೆಗೆದುಹಾಕಿದ್ದರಿಂದ ಒಬ್ಬನಿಗೆ ಸಿಗೋ ಹಕ್ಕು ಅಂತಲೇ ವ್ಯಾಖ್ಯೆ ಇದೆ. ಪೊಲೀಸರಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇರೋದೂ ದೌರ್ಜನ್ಯದ ಕೇಸಿಗೇ ಹೊರತು ರೋಡು ನೀರಿಗಲ್ಲ. ಬರೀ ಸಿವಿಲ್ ಅಂತ ಬಿಟ್ರೂ ಕಷ್ಟ, ಸಿವಿಲ್ ಕೇಸು ಅಂದ್ರೆ ನಮ್ಮೂರಲ್ಲಿ ಬೇಲಿ ಜಗಳ, ಅಡಿಕೆ ತೋಟದ ಪಾಲು. ಹಾಗಾಗಿ ಅಮೆರಿಕದ್ದಕ್ಕೆ ನಾಗರಿಕ ಹಕ್ಕು ಹಾಕಿದ್ರೆ ತಪ್ಪೇನಿಲ್ಲ, ಸರಿಯಾಗೇ ಕೂರತ್ತೆ, ಅವ್ರ 1964ರ ಕಾಯ್ದೆಯೂ ಹೋಟ್ಲು ಬಾಗ್ಲು ತೆಗೆಸಿದ್ದು, ನಮ್ಮದೂ ಹೋಟ್ಲು, ಬಾವಿ, ದೇವಸ್ಥಾನ, ಕೊನೆಗೆ ಹೋಟ್ಲಿನ ಲೋಟದ ತನಕ ಹೆಸರು ಹಿಡಿದು ಹೇಳಿದ್ದು. ಆದ್ರೆ ಇನ್ನೊಂದು ನೆನಪಿಡಿ, 14ನೇ ವಿಧಿ ಫ್ಲೆಕ್ಸಲ್ಲಿ ನಾಗರಿಕರೆಲ್ಲ ಸಮಾನರು ಅಂತ ಬರೀಬೇಡಿ. ಅಲ್ಲಿರೋದು ವ್ಯಕ್ತಿ, ನಾಗರಿಕ ಅಲ್ಲ, 15ರಲ್ಲಿ 16ರಲ್ಲಿ ನಾಗರಿಕ. ಎಸ್ಸೆಸ್ಸೆಲ್ಸಿ ಗೈಡುಗಳು ಇಲ್ಲೇ ಎಡವೋದು. ಕಾನೂನಿನ ಸಮಾನ ರಕ್ಷಣೆ ಅನ್ನೋ ಮಾತನ್ನ ನಾವು ತಗೊಂಡಿದ್ದೂ ಅವರಿಂದಲೇ, 1868ರ ಅವರ 14ನೇ ತಿದ್ದುಪಡಿಯಿಂದ. ಅಲ್ಲೂ 14 ಇಲ್ಲೂ 14, ಅದು ಮಾತ್ರ ಕಾಕತಾಳೀಯ.

ಭದ್ರಾವತಿಯಿಂದ:
ತಗೊಂಡಿದ್ದು ಅಂದ್ರಲ್ಲ, ಅದೇ ಕಾಯಿಲೆ. ನಾಗರಿಕ ಸಂಸ್ಕೃತ, ಹಕ್ಕು ಅರಬ್ಬಿ, ಕಾಯ್ದೆ ಅರಬ್ಬಿ, ಚಳವಳಿ ಮರಾಠಿ, ತಲೆಬರಹದಲ್ಲಿ ಕನ್ನಡ ಎಲ್ಲಿದೆ ತೋರ್ಸಿ. ಸಮಾನತೆ ಯಾಕೆ, ಸರಿಸಾಟಿ ಇಲ್ವಾ? ನನ್ನ ಸಲಹೆ: ಮಂದಿಯ ಸರಿಪಾಲಿನ ಕಾದಾಟ. ಹಳ್ಳಿ ಮಕ್ಕಳಿಗೆ ಥಟ್ ಅಂತ ತಿಳಿಯತ್ತೆ.

ಶಿವಮೊಗ್ಗದಿಂದ:
ಥಟ್ ಅಂತ ತಿಳಿಯತ್ತೆ, ಹೋಳಿಗೆ ಹಂಚೋದ್ರಲ್ಲಿ ಹೊಡೆದಾಟ ಆಯ್ತು ಅಂತ. ಸಲಹೆ ಅನ್ನೋದೂ ಅರಬ್ಬಿ ಸ್ವಾಮಿ.

ಸೊರಬದಿಂದ:
ಕಾನೂನು ಅರಬ್ಬಿ ಅಂತ ಎಲ್ರೂ ಹೇಳ್ತಾರೆ, ನಂಗೆ ಒಪ್ಪಿಗೆ ಇಲ್ಲ. ನಮ್ಮ ಕಡೆ ದಟ್ಟ ಕಾಡಿಗೆ ಕಾನು ಅಂತೀವಿ, ಕಾನಿಗೆ ಊರೋರು ಹಾಕ್ಕೊಂಡ ಕಟ್ಟುಪಾಡೇ ಕಾನೂನು ಯಾಕಾಗಿರಬಾರ್ದು? ಇದನ್ನ ಹಿಂದೇನೂ ಇಲ್ಲಿ ಬರೆದಿದ್ದೆ, ಯಾರೂ ಉತ್ತರ ಕೊಟ್ಟಿಲ್ಲ.

ಶಿವಮೊಗ್ಗದಿಂದ:
ಉತ್ತರ ಕೊಡೋ ಹಾಗಿದ್ರೆ ಕೊಡ್ತಿದ್ವಿ. ಅರಬ್ಬಿಯ ಖಾನೂನ್, ಅದು ಗ್ರೀಕಿನ ಕನೋನ್‌ನಿಂದ, ಅಳತೆಕೋಲು ಅಂತ ಅರ್ಥ. ಕಾನಿಗೂ ಇದಕ್ಕೂ ನಂಟಿಲ್ಲ, ಮುಗೀತು.

ಹೊಸನಗರದಿಂದ:
ಅಳತೆಕೋಲಾ! ಹಾಗಾದ್ರೆ ಕಾಗೋಡಲ್ಲಿ ಗೇಣಿದಾರ್ರು ಜಗಳ ಆಡಿದ್ದು ಎಂತಕ್ಕೆ, ಗೇಣಿ ಭತ್ತ ಅಳೆಯೋ ಕೊಳಗ ದೊಡ್ಡದಾಯ್ತು ಅಂತ ತಾನೆ. ಮೇಷ್ಟ್ರು ಮೊದಲನೇ ಫ್ಲೆಕ್ಸಿಗೆ ಒಂದು ಕೊಳಗದ ಚಿತ್ರ ಬರೆಸ್ಲಿ.

ಸಾಗರ ತಾಲೂಕಿಂದ, ಮುಳುಗಡೆ ಮನೆಯವಳು:
ಹಕ್ಕು ಬಿಡಿ ಅಂತಾರಲ್ಲ ಭದ್ರಾವತಿಯೋರು, ಅವ್ರಿಗೊಂದು ಮಾತು ಕೇಳ್ತೀನಿ. ನಮ್ಮನ್ನ ಮುಳುಗಡೆ ಮಾಡಿದ ಲಿಂಗನಮಕ್ಕಿ ಅಣೆಕಟ್ಟೆ ಆಗಿದ್ದು 1964ರಲ್ಲಿ, ಮೇಷ್ಟ್ರು ಹೇಳೋ ಅಮೆರಿಕದ ಕಾಯ್ದೆ ಬಂದ ವರ್ಷವೇ. ನಮ್ಮಜ್ಜನ ಕಾಲದಿಂದ ಮನೇಲಿ ದಿನಾ ಕೇಳಿದ ಪದ ಅಂದ್ರೆ ಹಕ್ಕುಪತ್ರ, ಅರ್ಜಿ, ಡಿಕ್ಲರೇಷನ್, ಬಗರ್ ಹುಕುಂ. ಒಂದೂ ಅಚ್ಚಗನ್ನಡ ಅಲ್ಲ ಅನ್ನಿ. ಆದ್ರೆ ಓದು ಬರಹ ಬಾರದ ನಮ್ಮಜ್ಜಿ ಇಷ್ಟನ್ನೂ ತಪ್ಪಿಲ್ದೆ ಹೇಳ್ತಿದ್ಲು, ಯಾವ ಫಾರಂ ಯಾವ ಟೇಬಲ್ಲಿಗೆ ಅಂತಲೂ ಗೊತ್ತಿತ್ತು. ತಾಲೂಕು ಕಚೇರಿಗೆ ಹೋಗಿ ಸರಿಪಾಲು ಪತ್ರ ಕೊಡಿ ಅಂತ ನೀವೇ ಒಂದ್ಸಲ ಕೇಳಿ ನೋಡಿ.

ಸೆಗ್ರಿಗೇಷನ್‌ಗೆ ಯಾರೂ ಹೇಳ್ಲಿಲ್ಲ ನೋಡಿ. ಪಂಕ್ತಿಭೇದ ಅಂದ್ರೆ ಆಗಲ್ವಾ?

ಭದ್ರಾವತಿಯಿಂದ:
ಕಚೇರಿ ಭಾಷೆ ಬೇರೆ, ಕನ್ನಡ ಬೇರೆ. ನಾನು ಹೇಳಿದ್ದು ಹೇಳಿದ್ದೇ.

ಸಾಗರದಿಂದ:
ಪಂಕ್ತಿಭೇದ ಚೆನ್ನಾಗಿದೆ ಮೇಡಂ, ಆದ್ರೆ ಅದು ಊಟದೆಲೆ ಬಿಟ್ಟು ಏಳಲ್ಲ. ಅಮೆರಿಕದಲ್ಲಿ ಬಸ್ಸಿನ ಸೀಟು, ಶಾಲೆ, ನೀರಿನ ನಲ್ಲಿ ಎಲ್ಲ ಬೇರೆ ಬೇರೆ ಇದ್ವು, ಬೇರೆ ಇಟ್ರೂ ಸಮಾನ ಅಂತ 1896ರಲ್ಲಿ ಕೋರ್ಟೇ ಮುದ್ರೆ ಒತ್ತಿತ್ತು, ಶಾಲೆಗಳ ಮಟ್ಟಿಗೆ ಅದನ್ನ ಅಳಿಸೋಕೆ 1954 ಆಗ್ಬೇಕಾಯ್ತು. ಬೇರ್ಪಡಿಕೆ ಅಂತಿಟ್ರೆ ಬೇರೆ ಇಟ್ಟಿದ್ದು ಯಾರು ಅನ್ನೋದೇ ಮಾಯ ಆಗತ್ತೆ. ಬೇರೆ ಇಡೋದು ಅಂತ ಕ್ರಿಯಾಪದದಲ್ಲೇ ಬರೀರಿ, ನಾಮಪದಕ್ಕೆ ಯಾಕೆ ಒದ್ದಾಟ.

ತೀರ್ಥಹಳ್ಳಿಯಿಂದ (ಕೇಳಿದೋನು):
ಎಲ್ರಿಗೂ ಥ್ಯಾಂಕ್ಸ್. ಈಗಷ್ಟೇ ವಾಟ್ಸಾಪಲ್ಲಿ ಮ್ಯಾಟರ್ ಕಳ್ಸಿದೆ. ತಲೆಬರಹ ಅಮೆರಿಕದ ನಾಗರಿಕ ಹಕ್ಕು ಹೋರಾಟ, ಚಳವಳಿ ಚಳುವಳಿ ಅಂತ ಇನ್ನೊಂದು ಜಗಳ ಬೇಡ ಅಂತ ಬಿಟ್ಟೆ. ಕೆಳಗೆ, ಕಪ್ಪು ಜನರನ್ನು ಬಸ್ಸಿನಲ್ಲಿ ಬೇರೆ ಕೂರಿಸುತ್ತಿದ್ದರು, ಅಂತ ವಾಕ್ಯವೇ ಹಾಕಿದೀನಿ. 14ನೇ ವಿಧಿಗೆ ಮಕ್ಕಳು ನಾಗರಿಕರು ಅಂತಲೇ ಬರೆದಿದ್ರು, ವಕೀಲ್ರು ಹೇಳಿದ ಮೇಲೆ ತಿದ್ದಿಸಿದೆ. ಕೊಳಗದ ಚಿತ್ರ ಒಂಬತ್ತನೇ ಕ್ಲಾಸಿನ ಹುಡುಗಿ ಬರೀತಿದಾಳೆ, ಅವ್ಳು ಕೊಳಗ ನೋಡಿಲ್ಲ, ಯಾರ ಮನೇಲಾದ್ರೂ ಹಳೇದು ಅಟ್ಟದ ಮೇಲಿದ್ರೆ ಇವತ್ತು ರಾತ್ರಿಯೊಳಗೆ ಒಂದು ಫೋಟೋ ಕಳ್ಸಿ.

ಸೊರಬದಿಂದ:
ನಮ್ಮನೇಲಿದೆ, ಕಳಿಸ್ತೀನಿ. ಕಾನಿನ ವಿಷಯ ಮಾತ್ರ ನಾನು ಬಿಡಲ್ಲ.