'ಪಂಗಡ'ವೋ 'ಸಂಪ್ರದಾಯ'ವೋ? ಸಂವಿಧಾನದ 26ನೇ ವಿಧಿಯ ಒಂದು ಪದದ ಬಗ್ಗೆ

ಬಲ್ಲವರಿಗೆ ನಮಸ್ಕಾರ.

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಭಜನಾ ಮಂಡಳಿ ಧರ್ಮಾದಾಯ ಆಯುಕ್ತರಲ್ಲಿ (ಚಾರಿಟಿ ಕಮಿಷನರ್) ನೋಂದಣಿಯಾದ ಟ್ರಸ್ಟು. ಅದರ ಮರಾಠಿ ನಿಯಮಾವಳಿಯನ್ನು ಹಿರಿಯ ಸದಸ್ಯರಿಗಾಗಿ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಮರಾಠಿಯ 'ಘಟನಾ' ನಮ್ಮ 'ಘಟನೆ' ಅಲ್ಲ, ಸಂವಿಧಾನ ಎಂಬುದು ಇಲ್ಲಿನ ಕನ್ನಡಿಗರಿಗೆಲ್ಲ ಗೊತ್ತು. ಎಡವುವುದು 'ಸಂಪ್ರದಾಯ'ದಲ್ಲಿ. ಸದಸ್ಯತ್ವದ ಕಲಮನ್ನು ಹಿಂದೆ ಯಾರೋ 'ಯಾವುದೇ ಸಂಪ್ರದಾಯದ ವ್ಯಕ್ತಿ ಸದಸ್ಯರಾಗಬಹುದು' ಎಂದು ಕನ್ನಡಿಸಿದ್ದರು. ಅದನ್ನು ಓದಿದ ಅಜ್ಜಿಯೊಬ್ಬರು, "ನನ್ನ ಸೊಸೆ ಕುಂಕುಮ ಇಡುವುದಿಲ್ಲ, ಸಂಪ್ರದಾಯ ಅಂದರೆ ಮಾರು ದೂರ. ಅವಳ ಹೆಸರು ಬರೆದುಕೊಳ್ಳುತ್ತೀರೋ ಇಲ್ಲವೋ?" ಎಂದು ಕೇಳಿದರು.

ತಪ್ಪು ಅಜ್ಜಿಯದಲ್ಲ. ವಾರಕರಿ ಸಂಪ್ರದಾಯ, ನಾಥ ಸಂಪ್ರದಾಯ ಎನ್ನುವಾಗ ಮರಾಠಿಗರ ಮನಸ್ಸಿಗೆ ಬರುವುದು ಒಂದು ನಂಬಿಕೆ, ಒಂದು ಗುರುಪರಂಪರೆ, ಅದರ ಹಿಂದಿರುವ ಜನ. ನಮ್ಮಲ್ಲಿಯೂ 'ಹರಿದಾಸ ಸಂಪ್ರದಾಯ' ಇದೆ, ಆದರೆ ಆ ಅರ್ಥ ಹಿಂದೆ ಸರಿದು ಸಂಪ್ರದಾಯದ ಹಾಡು, ಸಂಪ್ರದಾಯದ ಅಡುಗೆ ಮುಂದೆ ಬಂದಿವೆ. ಹಿಂದಿಯವರಂತೂ ಕೋಮು ಗಲಭೆಗೆ 'ಸಾಂಪ್ರದಾಯಿಕ' ಎನ್ನುತ್ತಾರೆ. ನಾವು ಅದೇ ಪದವನ್ನು ಸೀರೆಗೆ ಅಂಟಿಸುತ್ತೇವೆ!

ಇಷ್ಟೇ ಆಗಿದ್ದರೆ ನಾನೇ ಒಂದು ಪದ ಹಾಕಿ ಮುಗಿಸುತ್ತಿದ್ದೆ. ಆದರೆ ಇದು ಸಂವಿಧಾನದ 26ನೇ ವಿಧಿಯಲ್ಲಿ ಇಂಗ್ಲಿಷಿನಲ್ಲಿ 'ಡಿನಾಮಿನೇಶನ್' ಎಂದಿರುವ ಪದ, ಅಂದರೆ ಒಂದೇ ನಂಬಿಕೆಯ ಜನರ ಗುಂಪು. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ತನ್ನ ಧಾರ್ಮಿಕ ವಿಷಯಗಳನ್ನು ತಾನೇ ನೋಡಿಕೊಳ್ಳುವ ಹಕ್ಕು ಸಿಗುವುದು ಅದಕ್ಕೆ. ಆಸ್ತಿಯ ಆಡಳಿತ ಮಾತ್ರ ಕಾನೂನಿನ ಪ್ರಕಾರ ನಡೆಯಬೇಕು. ಈ ಗೆರೆಯನ್ನು ಸ್ಪಷ್ಟವಾಗಿ ಎಳೆದದ್ದು ನಮ್ಮ ಉಡುಪಿಯ ಶಿರೂರು ಮಠದ ಪ್ರಕರಣ, 1954ರಲ್ಲಿ. ಆಗ ಸುಪ್ರೀಂ ಕೋರ್ಟು ಆಕ್ಸ್‌ಫರ್ಡ್ ನಿಘಂಟನ್ನೇ ತೆರೆದು ಈ ಪದಕ್ಕೆ ಅರ್ಥ ಹುಡುಕಿತು: ಸಮಾನ ನಂಬಿಕೆ, ಸಮಾನ ಸಂಘಟನೆ, ತನ್ನದೇ ಆದ ಹೆಸರು. ಮೂರೂ ಇರಬೇಕು. ಮಧ್ವಾನುಯಾಯಿಗಳ ಒಂದು ಭಾಗವನ್ನು ಪ್ರತಿನಿಧಿಸುವ ಮಠವೂ ಈ ವಿಧಿಯ ಆಸರೆಗೆ ಬರುತ್ತದೆ ಎಂದಿತು.

ಕನ್ನಡದ ಕಾನೂನು ಬರಹಗಳಲ್ಲಿ ಇದಕ್ಕೆ ರೂಢಿಯಲ್ಲಿರುವುದು 'ಧಾರ್ಮಿಕ ಪಂಗಡ'. ನನಗೆ ಇದು ಪೂರ್ತಿ ಒಗ್ಗುತ್ತಿಲ್ಲ. 'ಪರಿಶಿಷ್ಟ ಪಂಗಡ'ವನ್ನು ದಿನವೂ ಓದುವ ಕಣ್ಣಿಗೆ ಪಂಗಡವೆಂದರೆ ಹುಟ್ಟಿನಿಂದ ಬಂದದ್ದು. ರಾಮಕೃಷ್ಣ ಮಿಷನ್ನಿನಲ್ಲಿ ಹುಟ್ಟಿನ ಮಾತೇ ಇಲ್ಲ, ಆದರೂ ಅದು ಹಿಂದೂ ಧರ್ಮದೊಳಗಿನ ಡಿನಾಮಿನೇಶನ್ ಎಂದು 1995ರಲ್ಲಿ ತೀರ್ಪಾಗಿದೆ. ಅದನ್ನು ಪಂಗಡ ಎನ್ನಲು ನಾಲಿಗೆ ಹೊರಳುವುದಿಲ್ಲ.

ಆದರೆ ಮೂಲ್ಕಿಯ ದೇವಸ್ಥಾನದ ಪ್ರಕರಣ ನನ್ನ ವಾದಕ್ಕೆ ಅಡ್ಡ ಬರುತ್ತದೆ. (ಅದರ ಹೆಸರೇ 'ಶ್ರೀ ವೆಂಕಟರಮಣ ದೇವರು ವಿರುದ್ಧ ಮೈಸೂರು ರಾಜ್ಯ'. ದಾವೆ ಶುರುವಾದದ್ದು ಮದ್ರಾಸಿನ ವಿರುದ್ಧ. 1956ರಲ್ಲಿ ರಾಜ್ಯಗಳ ಗಡಿ ಬದಲಾಗಿ ಎದುರಾಳಿಯೂ ಬದಲಾಯಿತು.) ಅಲ್ಲಿ 1957ರಲ್ಲಿ ಡಿನಾಮಿನೇಶನ್ ಎನಿಸಿಕೊಂಡವರು ಗೌಡ ಸಾರಸ್ವತರು. ಅದು ಹುಟ್ಟಿನಿಂದ ಬರುವ ಸಮುದಾಯವೇ. ಎಲ್ಲ ಹಿಂದೂಗಳಿಗೂ ದೇವಸ್ಥಾನ ತೆರೆದಿರಬೇಕು, ಕೆಲವು ವಿಶೇಷ ಸೇವೆಗಳನ್ನು ಮಾತ್ರ ಅವರು ತಮ್ಮವರಿಗೇ ಇಟ್ಟುಕೊಳ್ಳಬಹುದು ಎಂದು ತೀರ್ಪು ಬಂತು. ಹೀಗಾಗಿ ಪಂಗಡವನ್ನು ತೀರ ತಳ್ಳಿಹಾಕಲೂ ಆಗದು.

ಬೇರೆ ಪದಗಳನ್ನೂ ನೋಡಿದೆ. 'ಪಂಥ' ಎಂದೊಡನೆ ಎಡ, ಬಲ ಎಂಬ ರಾಜಕೀಯ ಮುಂದೆ ನಿಲ್ಲುತ್ತದೆ. 'ಮತ'ಕ್ಕೆ ಚುನಾವಣೆಯ ಕಾಟ. ಕ್ರೈಸ್ತರ 'ಸಭೆ'ಯಲ್ಲಿ ನಂಬಿಕೆಯೂ ಇದೆ, ಸಂಘಟನೆಯೂ ಇದೆ, ಆದರೆ ಉಳಿದವರಿಗೆ ಅದು ಚಹಾ ಬಿಸ್ಕತ್ತಿನ ಸಭೆಯಾಗಿಯೇ ಕೇಳಿಸುತ್ತದೆ.

ಮುಂಬಯಿಯಲ್ಲಿ ಇನ್ನೊಂದು ತೊಡಕು. ಕರ್ನಾಟಕದ ಮುಜರಾಯಿ ಇಲಾಖೆಗೆ ಹಿಂದೂ ಸಂಸ್ಥೆಗಳಷ್ಟೇ ಸಂಬಂಧ. ಇಲ್ಲಿನ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯ ವ್ಯಾಖ್ಯೆಯೊಳಗೆ ದೇವಸ್ಥಾನ, ಮಠ, ಚರ್ಚು, ಯೆಹೂದ್ಯರ ಸಿನಗಾಗ್, ಪಾರ್ಸಿಗಳ ಅಗಿಯಾರಿ ಎಲ್ಲವೂ ಬರುತ್ತವೆ. ಮುಸ್ಲಿಮರಲ್ಲಿ ಒಂದು ಗುಂಪಾದ ದಾವೂದಿ ಬೋಹರಾಗಳೂ 26ನೇ ವಿಧಿಯನ್ನು ಹಿಡಿದೇ 1962ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಂಬಯಿ ಪ್ರಾಂತ್ಯದ ಬಹಿಷ್ಕಾರ ನಿಷೇಧ ಕಾಯಿದೆಯನ್ನು ಬೀಳಿಸಿದರು. ಬಹಿಷ್ಕೃತನಾದವನ ಸ್ವಾತಂತ್ರ್ಯದ ಗತಿಯೇನು ಎಂಬ ಪ್ರಶ್ನೆ ಬೇರೆ; ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಪದವಂತೂ ಇವರೆಲ್ಲರಿಗೂ ಹೊಂದಬೇಕು.

ಸದ್ಯಕ್ಕೆ ಕರಡಿನಲ್ಲಿ 'ಮತಪಂಗಡ' ಎಂದು ಬರೆದಿದ್ದೇನೆ. 'ಮತ' ಸೇರಿದರೆ ಹುಟ್ಟಿಗಿಂತ ನಂಬಿಕೆ ಎದ್ದು ಕಾಣುತ್ತದೆ ಎಂಬುದು ನನ್ನ ಎಣಿಕೆ. ಕನ್ನಡದಲ್ಲಿ ತೀರ್ಪು ಬರೆಯುವ, ಓದುವ ವಕೀಲರಿಗೆ ಇದು ಒಪ್ಪಿಗೆಯಾದೀತೇ? ಉಡುಪಿ, ಮೂಲ್ಕಿ ಕಡೆಯ ಮಠ, ದೇವಸ್ಥಾನಗಳ ಹಳೆಯ ಕಾಗದಪತ್ರಗಳಲ್ಲಿ ಈ ಅರ್ಥಕ್ಕೆ ಬೇರೆ ಪದವಿತ್ತೇ? ಕಂಡವರು ಆ ವಾಕ್ಯವನ್ನೇ ಇಲ್ಲಿ ಹಾಕಿದರೆ ಉಪಕಾರ. ತಿಂಗಳ ಕೊನೆಯಲ್ಲಿ ಕರಡು ಅಚ್ಚಿಗೆ ಹೋಗುತ್ತದೆ.