ಕಾರ್ಡಿನ ನಡುವೆ ಮ್ಯೂಟ್ ಆಗುವ ತಂತಿಯನ್ನು ಸ್ಟಾಫ್ ನೊಟೇಶನ್ನಿನಲ್ಲಿ ಬರೆಯುವುದು ಹೇಗೆ?

ಪ್ರಶ್ನೆ (ಮಡಿಕೇರಿ):
ಹುತ್ತರಿ ಕಾರ್ಯಕ್ರಮದಲ್ಲಿ ಮಕ್ಕಳಿಂದ ನುಡಿಸಲೆಂದು ಗಿಟಾರ್ ತುಣುಕೊಂದನ್ನು ಬರೆಯುತ್ತಿದ್ದೇನೆ. ಅದರ ಜಿ ಮೇಜರ್ ಕಾರ್ಡಿನಲ್ಲಿ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಆರನೆಯ, ಅಂದರೆ ಅತಿ ದಪ್ಪನೆಯ ತಂತಿಯ 3ನೇ ಫ್ರೆಟ್ (ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಒತ್ತಿದ ಬೆರಳೇ ತುಸು ವಾಲಿ ಐದನೆಯ ತಂತಿಯನ್ನು ಮ್ಯೂಟ್ ಮಾಡುತ್ತದೆ, ಅಂದರೆ ಸದ್ದಡಗಿಸುತ್ತದೆ. ನಡುವಿನ ಮೂರು ತಂತಿಗಳು ಓಪನ್ (ಬೆರಳಿಡದೆ ನುಡಿಸುವವು), ಮೊದಲನೆಯದರಲ್ಲಿ ಮತ್ತೆ 3ನೇ ಫ್ರೆಟ್. ಐದನೆಯ ತಂತಿಗೆಂದು ಸ್ಟಾಫಿನಲ್ಲಿ (ಐದು ಗೆರೆಗಳ ಸ್ವರಲಿಪಿಯಲ್ಲಿ) ಇಂಟು ಗುರುತು ಹಾಕಿದ್ದೆ. ‘ಸರ್, ಇದನ್ನು ಯಾವ ಫ್ರೆಟ್ಟಿನಲ್ಲಿ ಹಿಡಿಯಬೇಕು?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ಉತ್ತರ ಹೊಳೆಯಲಿಲ್ಲ.

ಉತ್ತರ (ವಿರಾಜಪೇಟೆ):
ಆ ಗುರುತನ್ನು ತೆಗೆದುಬಿಡಿ. ಸ್ಟಾಫಿನಲ್ಲಿ ಬರೆಯಬೇಕಾದುದು ಕಿವಿಗೆ ಕೇಳುವುದನ್ನು. ಬೆರಳು ಮಾಡುವ ಕೆಲಸಕ್ಕೆ ಸ್ಟಾಫಿನ ಮೇಲೆ ಬರೆಯುವ ಕಾರ್ಡ್ ಚಿತ್ರವಿದೆ (ಯಾವ ತಂತಿಯಲ್ಲಿ ಬೆರಳೆಲ್ಲಿ ಎಂದು ತೋರಿಸುವ ಪುಟ್ಟ ಚೌಕಟ್ಟು). ಆದ್ದರಿಂದ ಸ್ಟಾಫಿನಲ್ಲಿ ಕೆಳಗಿನಿಂದ ಜಿ, ಡಿ, ಜಿ, ಬಿ, ಜಿ ಎಂಬ ಐದೇ ಸ್ವರಗಳಿರಲಿ. ಚಿತ್ರದಲ್ಲಿ ಐದನೆಯ ತಂತಿಯ ನೆತ್ತಿಯ ಮೇಲೆ ಇಂಟು ಹಾಕಿ, ಓಪನ್ ತಂತಿಗಳಿಗೆ ಸೊನ್ನೆ ಹಾಕಿ. ಇದೇ ಹಿಡಿತ ಮುಂದೆ ಎಷ್ಟು ಸಲ ಬಂದರೂ ಚಿತ್ರ ಮೊದಲ ಸಲಕ್ಕೆ ಸಾಕು, ಇಲ್ಲವಾದರೆ ಪುಟವೆಲ್ಲ ಜಾಲರಿಯಂತೆ ಕಾಣುತ್ತದೆ.

ಉತ್ತರ (ಗೋಣಿಕೊಪ್ಪ):
ಮೇಲಿನವರ ಮಾತು ತಂತಿ ಪೂರ್ತಿ ಮೌನವಾಗಿದ್ದಾಗ ಸರಿ. ಆದರೆ ಮ್ಯೂಟ್ ಆದ ತಂತಿಯ ‘ಟಕ್’ ಸದ್ದೇ ಬೇಕಾಗಿದ್ದರೆ ಅದನ್ನು ಬರೆಯಲೇಬೇಕು. ಕೊಡಗಿನ ಪುಟ್ಟ ಚರ್ಮವಾದ್ಯವಾದ ದುಡಿಯ ಪೆಟ್ಟನ್ನು ಗಿಟಾರಿನಲ್ಲಿ ತರಲು ನಾನು ಎಡಗೈ ಬೆರಳುಗಳನ್ನು ತಂತಿಗಳ ಮೇಲೆ ಒತ್ತದೆ, ಸುಮ್ಮನೆ ತಾಗಿಸಿಟ್ಟು ಬಲಗೈಯಿಂದ ಸ್ಟ್ರಮ್ ಮಾಡಿಸುತ್ತೇನೆ (ತಂತಿಗಳನ್ನು ಒಂದೇ ಬೀಸಿಗೆ ಮೀಟುವುದು). ಅಲ್ಲಿ ಸ್ವರದ ತಲೆಗೆ ಬದಲಾಗಿ ಇಂಟು ಬರೆದು, ಕಾಲಪ್ರಮಾಣ ತಿಳಿಯಲು ಕಡ್ಡಿಯನ್ನು ಎಂದಿನಂತೆ ಎಳೆಯುತ್ತೇನೆ. ಆ ಇಂಟು ಸ್ಟಾಫಿನ ಯಾವ ಜಾಗದಲ್ಲಿದೆ ಎಂಬುದು ತಂತಿಯನ್ನು ಸೂಚಿಸುತ್ತದೆಯೇ ಹೊರತು ಸ್ವರವನ್ನಲ್ಲ. ಟ್ಯಾಬ್ (ತಂತಿಗೊಂದು ಗೆರೆ ಎಳೆದು ಫ್ರೆಟ್ ಸಂಖ್ಯೆ ಬರೆಯುವ ಲಿಪಿ) ಜೊತೆಗಿದ್ದರೆ ಫ್ರೆಟ್ ಸಂಖ್ಯೆಯ ಜಾಗದಲ್ಲಿಯೂ ಅದೇ ಗುರುತು ಬರುವುದರಿಂದ ಮಕ್ಕಳಿಗೆ ಗೊಂದಲ ಉಳಿಯುವುದಿಲ್ಲ.

ಬಲಅಂಗೈಯ ಅಂಚನ್ನು ಬ್ರಿಡ್ಜಿನ (ಗಿಟಾರಿನ ಒಡಲಿನ ಮೇಲೆ ತಂತಿಗಳನ್ನು ಹೊತ್ತ ಪಟ್ಟಿ) ಬಳಿ ಇಟ್ಟು ನುಡಿಸುವ ಪಾಮ್ ಮ್ಯೂಟನ್ನು ಇದರೊಂದಿಗೆ ಬೆರೆಸಬೇಡಿ. ಅಲ್ಲಿ ಸದ್ದು ಮೊಟಕಾದರೂ ಸ್ವರ ಕೇಳುತ್ತದೆ. ಆದ್ದರಿಂದ ಸಾಮಾನ್ಯ ಸ್ವರಗಳನ್ನೇ ಬರೆದು, ಜೊತೆಗೆ ‘ಪಿ.ಎಂ.’ ಎಂದು ನಮೂದಿಸಿ ಚುಕ್ಕಿಗೆರೆ ಎಳೆಯುವುದು ರೂಢಿ.

ಉತ್ತರ (ವಿರಾಜಪೇಟೆ):
ಒಪ್ಪಿದೆ. ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶದಲ್ಲಿ ಬರೆಯುವವರು ತಲೆಯ ಆಕಾರ ಬದಲಿಸಿದ ಮೇಲೆ ಆ ಸ್ವರದ ‘ಪ್ಲೇ’ ಆಯ್ಕೆಯನ್ನೂ ತೆಗೆಯಲಿ. ನಾನು ಮರೆತಿದ್ದ ಒಂದು ಸಲ ದುಡಿಯ ಪೆಟ್ಟಿನ ಜಾಗದಲ್ಲೆಲ್ಲ ಕಂಪ್ಯೂಟರು ಇಂಪಾಗಿ ಹಾಡುತ್ತಿತ್ತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಜಿ ಕಾರ್ಡಿನ ಇಂಟುಗಳನ್ನೆಲ್ಲ ಸ್ಟಾಫಿನಿಂದ ಅಳಿಸಿದೆ. ಏಳನೆಯ ಬಾರಿನಲ್ಲಿ (ಅಡ್ಡಗೆರೆಗಳ ನಡುವಿನ ತಾಳದ ಖಂಡ) ದುಡಿಯಂತೆ ಕೇಳಬೇಕಾದ ಎರಡು ಪೆಟ್ಟುಗಳಿದ್ದವು. ಅವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ.